ಮಜ್ಜಿಗೆ ಹುಲ್ಲು: ಕೃಷ್ಣಾ, ಓಡಿ-19, ಕಾವೇರಿ ತಳಿಗಳ ಎಣ್ಣೆ ಅಂಶ ಹೋಲಿಸಿದ ಕ್ರಮ ಸರಿ ಇದೆಯೇ?

ಹೊಸನಗರ_ಗುಡ್ಡತೋಟ

ಎರಡು ಎಕರೆ ಗುಡ್ಡದ ಜಾಗ, ಜಂಬಿಟ್ಟಿಗೆ ಮಣ್ಣು, ಪೂರ್ವಕ್ಕೆ ಇಳಿಜಾರು, ನೀರಾವರಿ ಇಲ್ಲ. ಅಡಿಕೆಗೆ ಒಗ್ಗದ ಈ ಜಾಗಕ್ಕೆ ಎಣ್ಣೆಗಾಗಿ ಮಜ್ಜಿಗೆ ಹುಲ್ಲು ಹಾಕುವ ಯೋಚನೆ. ಪೂರ್ತಿ ಹಾಕುವ ಮೊದಲು ತಳಿ ಆರಿಸಿಕೊಳ್ಳಲು 5 ಮೀಟರ್ x 4 ಮೀಟರಿನ ನಾಲ್ಕು ಮಡಿ ಮಾಡಿ, ಮೃಗಶಿರಾ ಮಳೆಗೆ 60 x 45 ಸೆಂ.ಮೀ. ಅಂತರದಲ್ಲಿ ನೆಡಲಾಗಿದೆ. ಮೇಲಿನಿಂದ ಕೆಳಕ್ಕೆ ಮಡಿಗಳ ಸಾಲು ಹೀಗಿದೆ: ಕೃಷ್ಣಾ, ಓಡಿ-19, ಕಷಾಯಕ್ಕೆ ಬಳಸುವ ಹಿತ್ತಲ ಹುಲ್ಲು, ಕೊನೆಗೆ ಹಳ್ಳದ ಪಕ್ಕ ಕಾವೇರಿ.

ಚಿತ್ತಾ ಮಳೆಯ ಬಿಡುವಿನಲ್ಲಿ ಮೊದಲ ಕೊಯ್ಲು. ಕ್ಲೆವೆಂಜರ್ (ಹುಲ್ಲನ್ನು ನೀರಲ್ಲಿ ಕುದಿಸಿ ಎಣ್ಣೆ ತೆಗೆದು ಅಳೆಯುವ ಗಾಜಿನ) ಉಪಕರಣದಲ್ಲಿ ತೆಗೆದ ಎಣ್ಣೆ, 100 ಗ್ರಾಂ ಹುಲ್ಲಿಗೆ:

ಕೃಷ್ಣಾ 0.65 ಮಿ.ಲೀ. (ಒಂದು ದಿನ ನೆರಳಲ್ಲಿ ಬಾಡಿಸಿದ್ದು, ತೇವಾಂಶ 55%)
ಓಡಿ-19 0.42 ಮಿ.ಲೀ. (ಹಸಿಯಾಗಿಯೇ, ತೇವಾಂಶ 75%)
ಕಾವೇರಿ 0.36 ಮಿ.ಲೀ. (ಬೆಳಗ್ಗೆ ಇಬ್ಬನಿ ಇರುವಾಗ ಕೊಯ್ದಿದ್ದು, ತೇವಾಂಶ ನೋಡಿಲ್ಲ)
ಹಿತ್ತಲ ಹುಲ್ಲು 0.34 ಮಿ.ಲೀ. (ಹಸಿಯಾಗಿಯೇ, ತೇವಾಂಶ ನೋಡಿಲ್ಲ)

ಎರಡು ಎಣ್ಣೆಗೆ ಜಿ.ಸಿ. (ಗ್ಯಾಸ್ ಕ್ರೊಮಟೋಗ್ರಫಿ, ಎಣ್ಣೆಯ ಘಟಕಗಳನ್ನು ಬೇರ್ಪಡಿಸಿ ಅಳೆಯುವ) ಪರೀಕ್ಷೆಯೂ ಆಗಿದೆ. ಈ ಎಣ್ಣೆಗೆ ನಿಂಬೆ ವಾಸನೆ ಕೊಡುವ ಮುಖ್ಯ ಘಟಕ ಸಿಟ್ರಲ್, ಆದರೆ ವರದಿಯಲ್ಲಿ ಅದರ ಸಾಲೇ ಇಲ್ಲ. ಓಡಿ-19ಕ್ಕೆ ಜೆರಾನಿಯಲ್ 47%, ನೆರಾಲ್ 35% ಎಂದಿದೆ. ಹಿತ್ತಲ ಹುಲ್ಲಿಗೆ ಜೆರಾನಿಯಲ್ 41, ನೆರಾಲ್ 31, ಮಿರ್ಸೀನ್ 13. ಓಡಿ-19ಕ್ಕೆ ಸಿಟ್ರಲ್ 80ರ ಮೇಲೆ ಎಂದು ಎಲ್ಲ ಕಡೆ ಓದುತ್ತೇವೆ, ಇಲ್ಲಿ 47 ಯಾಕೆ? ಎಣ್ಣೆ ಅಂಶದಲ್ಲಿ ಕೃಷ್ಣಾ ಮುಂದಿದೆ ಎಂದು ತೀರ್ಮಾನಿಸಿ ಸಸಿ ತರಿಸಬಹುದೇ?

ತೈಲಮಾಪನ

ಸಸಿ ತರಿಸಬೇಡಿ. ನಿಮ್ಮದೇ ಅಂಕಿಗಳ ಪ್ರಕಾರ ಕೃಷ್ಣಾ ಮುಂದಿಲ್ಲ, ಓಡಿ-19 ಮುಂದಿದೆ. ಲೆಕ್ಕ ನೋಡಿ.

ಓಡಿ-19ರಲ್ಲಿ ತೇವಾಂಶ 75% ಎಂದರೆ 100 ಗ್ರಾಂ ಹುಲ್ಲಿನಲ್ಲಿ ಒಣ ಪದಾರ್ಥ 25 ಗ್ರಾಂ. ಆ 25 ಗ್ರಾಂನಿಂದ ಬಂದ ಎಣ್ಣೆ 0.42 ಮಿ.ಲೀ., ಅಂದರೆ ಒಣ ತೂಕಕ್ಕೆ 1.68%. ಬಾಡಿಸಿದ ಕೃಷ್ಣಾದಲ್ಲಿ ಒಣ ಪದಾರ್ಥವೇ 45 ಗ್ರಾಂ ಇತ್ತು. ಅದರಿಂದ ಬಂದಿದ್ದು 0.65 ಮಿ.ಲೀ., ಒಣ ತೂಕಕ್ಕೆ 1.44%. ಬಾಡಿಸಿದಾಗ ನೀರು ಹೋಗಿ ತೂಕ ಇಳಿಯಿತು, ಹಾಗಾಗಿ ಶೇಕಡಾವಾರು ಏರಿದಂತೆ ಕಂಡಿತು. ಹುಲ್ಲಿನಲ್ಲಿ ಎಣ್ಣೆಯೇನೂ ಹೆಚ್ಚಾಗಲಿಲ್ಲ. ಕಾವೇರಿಯದು ಇದಕ್ಕೆ ಉಲ್ಟಾ ತಪ್ಪು: ಇಬ್ಬನಿಯ ನೀರನ್ನೂ ಹುಲ್ಲಿನ ತೂಕಕ್ಕೆ ಸೇರಿಸಿದ್ದೀರಿ, ಆದ್ದರಿಂದ ಅದರ 0.36 ನಿಜಕ್ಕಿಂತ ಕಡಿಮೆ ತೋರುತ್ತಿದೆ. ತೇವಾಂಶ ಬರೆಯದ ಎಣ್ಣೆ ಅಂಶದ ಅಂಕಿಯನ್ನು ಇನ್ನೊಂದು ಅಂಕಿಯ ಪಕ್ಕ ಇಡಲೇಬಾರದು. ಒಂದೇ ತಳಿಗೆ ಒಂದು ಕರಪತ್ರದಲ್ಲಿ 0.4, ಇನ್ನೊಂದರಲ್ಲಿ 0.7 ಕಾಣುವುದಕ್ಕೂ ಬಹುಪಾಲು ಕಾರಣ ಇದೇ. ಹಸಿ ಹುಲ್ಲು, ಬಾಡಿದ ಹುಲ್ಲು, ಒಣ ಹುಲ್ಲು ಯಾವುದರ ಮೇಲಿನ ಶೇಕಡಾ ಎಂದು ಯಾರೂ ಬರೆಯುವುದಿಲ್ಲ.

ಮುಂದಿನ ಕೊಯ್ಲಿಗೆ ಹೀಗೆ ಮಾಡಿ. ಅಂಚಿನ ಸಾಲು ಬಿಟ್ಟು ಒಳಗಿನ ಐದು ಬುಡಗಳನ್ನು ನೆಲದಿಂದ 10–15 ಸೆಂ.ಮೀ. ಮೇಲಕ್ಕೆ ಕೊಯ್ಯಿರಿ. ಅಂಚಿನ ಬುಡಗಳಿಗೆ ಬಿಸಿಲು ಜಾಸ್ತಿ, ಅವು ಮಡಿಯ ಸರಾಸರಿ ಹೇಳುವುದಿಲ್ಲ. ತುದಿಯ ಒಣಗಿದ ಗರಿ ತೆಗೆಯುವುದಾದರೆ ಎಲ್ಲ ತಳಿಯಲ್ಲೂ ತೆಗೆಯಿರಿ, ಬಿಡುವುದಾದರೆ ಎಲ್ಲದರಲ್ಲೂ ಬಿಡಿ. 2–3 ಸೆಂ.ಮೀ. ತುಂಡು ಮಾಡಿ ಗೋಣಿಯ ಮೇಲೆ ಹರವಿ, ಚೆನ್ನಾಗಿ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಳ್ಳಿ. ಬೇಕಾದಷ್ಟು ಸಣ್ಣ ಗುಡ್ಡೆ ಉಳಿಯುವ ತನಕ ಇದನ್ನೇ ಪುನಃ ಮಾಡಿ. ಕೈಗೆ ಸಿಕ್ಕಿದ್ದನ್ನು ಮುಷ್ಟಿ ತುಂಬಿದರೆ ಒಂದು ಮಾದರಿಯಲ್ಲಿ ಬರೀ ಎಲೆ, ಇನ್ನೊಂದರಲ್ಲಿ ಬುಡದ ದಿಂಡು ಬರುತ್ತದೆ. ಎಣ್ಣೆ ಇರುವುದು ಮುಖ್ಯವಾಗಿ ಎಲೆಯ ಅಲಗಿನಲ್ಲಿ, ಕಾಂಡ ಸುತ್ತಿದ ಒರೆಯಲ್ಲಿ ಕಡಿಮೆ. ಹೀಗಾಗಿ ಒಂದೇ ಮಡಿಯಿಂದ ಎರಡು ಬೇರೆ ಉತ್ತರ ಬರುತ್ತದೆ.

200 ಗ್ರಾಂ ಕ್ಲೆವೆಂಜರಿಗೆ, 50 ಗ್ರಾಂ ತೇವಾಂಶಕ್ಕೆ, ಎರಡನ್ನೂ ಅದೇ ಗಳಿಗೆಯಲ್ಲಿ ತೂಗಿ. ತೇವಾಂಶಕ್ಕೆ 105 ಡಿಗ್ರಿಯ ಓವನ್ನಿನಲ್ಲಿ ತೂಕ ನಿಲ್ಲುವ ತನಕ ಒಣಗಿಸಿ. ಎಣ್ಣೆಯೂ ಅದರಲ್ಲಿ ಹಾರಿಹೋಗುತ್ತದೆ, ಆದರೆ ಹಸಿ ತೂಕದ ಅರ್ಧ ಶೇಕಡಾ ಆಸುಪಾಸಿನ ಆ ತಪ್ಪು ಎಲ್ಲ ತಳಿಗೂ ಒಂದೇ ರೀತಿ ಬರುವುದರಿಂದ ಹೋಲಿಕೆ ಕೆಡುವುದಿಲ್ಲ. 2 ಲೀಟರ್ ಫ್ಲಾಸ್ಕಿಗೆ ಹುಲ್ಲು, ಮುಳುಗುವಷ್ಟು ನೀರು, ನಾಲ್ಕೈದು ಗಾಜಿನ ಮಣಿ ಹಾಕಿ ಹದವಾಗಿ ಕುದಿಸಿ. ಜೋರಾಗಿ ಕುದಿಸಿದರೆ ನೊರೆ ಎದ್ದು ಹುಲ್ಲಿನ ಚೂರು ಎಣ್ಣೆ ಅಳೆಯುವ ಗೆರೆಗಳಿರುವ ಕೊಳವೆಯಾದ ಬ್ಯುರೆಟ್‌ಗೆ ನುಗ್ಗುತ್ತದೆ. ಎಣ್ಣೆಯ ಮಟ್ಟ ಅರ್ಧ ಗಂಟೆ ಅಂತರದ ಎರಡು ಓದಿನಲ್ಲಿ ಬದಲಾಗದಿದ್ದರೆ ನಿಲ್ಲಿಸಿ. ಮಜ್ಜಿಗೆ ಹುಲ್ಲಿಗೆ ಎರಡೂವರೆಯಿಂದ ಮೂರು ಗಂಟೆ ಸಾಕು. ಪೂರ್ತಿ ತಣ್ಣಗಾದ ಮೇಲೆ ಓದಿ.

ಓದುವ ತಪ್ಪು ಎಷ್ಟು ದೊಡ್ಡದೆಂದು ತಿಳಿದಿರಲಿ. 200 ಗ್ರಾಂ ಹುಲ್ಲಿಗೆ 0.42% ಎಂದರೆ ಬ್ಯುರೆಟ್‌ನಲ್ಲಿ ನಿಲ್ಲುವುದು 0.84 ಮಿ.ಲೀ. ಗೆರೆ 0.1ಕ್ಕೊಂದು ಇದ್ದರೆ 0.05 ಅತ್ತಿತ್ತ ಓದುವುದು ಸಹಜ. ಅಲ್ಲಿಗೇ 6% ವ್ಯತ್ಯಾಸ ಆಯಿತು. 0.40 ಮತ್ತು 0.42ರ ನಡುವೆ ತಳಿಯ ವ್ಯತ್ಯಾಸ ಇದೆ ಎಂದು ಒಂದೇ ಓದಿನಿಂದ ಹೇಳಲಾಗದು. ಪ್ರತಿ ಮಾದರಿಗೆ ಮೂರು ಸಲ ಮಾಡಿ. ಬ್ಯುರೆಟ್ ಗಾಜಿಗೆ ಜಿಡ್ಡಿದ್ದರೆ ಎಣ್ಣೆ ಹನಿಹನಿಯಾಗಿ ಗೋಡೆಗೆ ಅಂಟಿ ಕೆಳಗಿಳಿಯುವುದಿಲ್ಲ, ಪ್ರತಿ ಸಲವೂ ಅಸಿಟೋನ್‌ನಲ್ಲಿ ತೊಳೆಯಿರಿ.

ಜಿ.ಸಿ. ವರದಿ ಸರಿಯಾಗಿಯೇ ಇದೆ. ಸಿಟ್ರಲ್ ಎಂಬುದು ಒಂದು ಜೋಡಿ ಅಣುಗಳ ಒಟ್ಟು ಹೆಸರು: ಜೆರಾನಿಯಲ್ ಒಂದು, ನೆರಾಲ್ ಇನ್ನೊಂದು. ಯಂತ್ರ ಎರಡನ್ನೂ ಬೇರೆಬೇರೆ ತೋರಿಸುತ್ತದೆ, ನೀವು ಕೂಡಿಸಬೇಕು. ಓಡಿ-19ಕ್ಕೆ 47 + 35 = 82. ಹಿತ್ತಲ ಹುಲ್ಲಿಗೆ 72. ಆ 13% ಮಿರ್ಸೀನ್ ನಿಮ್ಮ ಹಿತ್ತಲ ಹುಲ್ಲು ಸಿಂಬೊಪೋಗನ್ ಸಿಟ್ರೇಟಸ್ ಜಾತಿಯದು ಎಂದು ಹೇಳುತ್ತಿದೆ. ಉಳಿದ ಮೂರೂ ಫ್ಲೆಕ್ಸುವೋಸಸ್ ಜಾತಿಯವು.

ಇಳಿಜಾರು_ಮಂಡಗದ್ದೆ

ಮೇಲಿನವರು ಪ್ರಯೋಗಾಲಯದ ಕಡೆಯಿಂದ ಹೇಳಿದ್ದು ಪೂರ್ತಿ ಸರಿ. ಆದರೆ ಅದಕ್ಕಿಂತ ಮೊದಲಿನ ತಪ್ಪು ಮಡಿಯಲ್ಲೇ ಇದೆ.

ಕೃಷ್ಣಾ ನೆತ್ತಿಯಲ್ಲಿ, ಕಾವೇರಿ ಹಳ್ಳದ ಪಕ್ಕದಲ್ಲಿ. ಗುಡ್ಡದ ನೆತ್ತಿಯಲ್ಲಿ ಮಣ್ಣು ತೆಳು, ನೀರು ನಿಲ್ಲದು, ಬಿಸಿಲು ಹೆಚ್ಚು. ಅಲ್ಲಿ ಯಾವ ಹುಲ್ಲು ನೆಟ್ಟರೂ ಬೆಳವಣಿಗೆ ಗಿಡ್ಡ, ಎಣ್ಣೆಯ ಶೇಕಡಾ ಜಾಸ್ತಿ. ಹಳ್ಳದ ಪಕ್ಕ ಮಣ್ಣು ಆಳ, ತೇವ ಸದಾ. ಅಲ್ಲಿ ಹುಲ್ಲು ಸೊಂಪು, ಎಣ್ಣೆಯ ಶೇಕಡಾ ಕಡಿಮೆ. ನೀವು ಅಳೆದಿದ್ದು ತಳಿಯನ್ನೋ ಜಾಗವನ್ನೋ ಎಂದು ಈ ನಾಲ್ಕು ಮಡಿಯಿಂದ ಬೇರ್ಪಡಿಸಲು ದಾರಿಯೇ ಇಲ್ಲ.

ಇಳಿಜಾರಿನಲ್ಲಿ ಹೋಲಿಕೆ ಮಾಡುವ ಕ್ರಮ ಹೀಗೆ: ಗುಡ್ಡವನ್ನು ಅಡ್ಡಕ್ಕೆ ಮೂರು ಪಟ್ಟಿಯಾಗಿ ನೋಡಿ, ನೆತ್ತಿ, ನಡು, ತಪ್ಪಲು. ಪ್ರತಿ ಪಟ್ಟಿಯಲ್ಲೂ ನಾಲ್ಕು ತಳಿಯೂ ಇರಬೇಕು, ಅವು ನಿಲ್ಲುವ ಕ್ರಮವನ್ನು ಪ್ರತಿ ಪಟ್ಟಿಗೂ ಚೀಟಿ ಎತ್ತಿ ನಿರ್ಧರಿಸಬೇಕು. ಒಟ್ಟು 12 ಮಡಿ. 60 ಸೆಂ.ಮೀ. ಅಂತರದ 5 ಸಾಲು, ಸಾಲಿಗೆ 45 ಸೆಂ.ಮೀ.ಗೊಂದರಂತೆ 8 ಬುಡ ಇಟ್ಟರೆ ಮಡಿ 3 x 3.6 ಮೀಟರ್ ಆಗುತ್ತದೆ. ಅಂಚು ಕಳೆದರೆ ಒಳಗೆ 18 ಬುಡ ಉಳಿಯುತ್ತದೆ, ಅಳತೆಗೆ ಅಷ್ಟು ಸಾಕು. ತಳಿಗೆ 120 ಬುಡ ಬೇಕು. ಒಂದು ವರ್ಷದ ಒಂದು ಬುಡ ಒಡೆದರೆ ಸುಮಾರು 50 ಸಸಿ ಬರುವುದರಿಂದ ಈಗಿನ ಮಡಿಗಳಿಂದಲೇ ಸಾಕಷ್ಟು ಸಿಗುತ್ತದೆ, ಹೊರಗಿನಿಂದ ತರುವುದು ಬೇಡ.

ಒಡೆಯುವಾಗ ಎಲೆಯನ್ನು 15–20 ಸೆಂ.ಮೀ.ಗೆ ಕತ್ತರಿಸಿ, ಒಣಗಿದ ಒರೆ ಮತ್ತು ಹಳೆ ಬೇರು ತೆಗೆದು, ಗುಂಡಿಗೆ ಎರಡರಂತೆ ನೆಡಿ. ಆಳ 5–8 ಸೆಂ.ಮೀ. ಮೀರಬಾರದು. ಮಲೆನಾಡಿನಲ್ಲಿ ಸಸಿ ಸಾಯುವುದು ಒಣಗಿ ಅಲ್ಲ, ಆಳಕ್ಕೆ ನೆಟ್ಟದ್ದಕ್ಕೆ ಆರಿದ್ರಾ, ಪುನರ್ವಸು ಮಳೆಯಲ್ಲಿ ಬುಡ ಕೊಳೆತು. ನೆಟ್ಟು ವಾರದ ಮೇಲೆ ಒಂದು ಸಸಿ ಮೆಲ್ಲಗೆ ಜಗ್ಗಿ ನೋಡಿ: ಕೊಳೆಯುತ್ತಿದ್ದರೆ ನಡುವಿನ ಸುಳಿ ಕೈಗೆ ಸಲೀಸಾಗಿ ಕಿತ್ತು ಬರುತ್ತದೆ, ಅದರ ತಳ ಕಂದಾಗಿ ಲೋಳೆಯಾಗಿರುತ್ತದೆ. ಸಾಲನ್ನು ಇಳಿಜಾರಿಗೆ ಅಡ್ಡವಾಗಿಯೇ ಎಳೆಯಿರಿ, ನಾಲ್ಕೈದು ಸಾಲಿಗೊಂದು ಬಸಿಗಾಲುವೆ ಕೊಡಿ.

ಇನ್ನು ತಳಿಗಳ ಬಗ್ಗೆ. ಓಡಿ-19, ಅಂದರೆ ಸುಗಂಧಿ, ಕೇರಳದ ಓಡಕ್ಕಾಲಿಯ ಸುಗಂಧ ಮತ್ತು ಔಷಧಿ ಸಸ್ಯ ಸಂಶೋಧನಾ ಕೇಂದ್ರದ್ದು. ಕಾಂಡ ಕೆಂಪು. ಮಳೆಯಾಶ್ರಯಕ್ಕೆ, ಬೇರೆಬೇರೆ ಮಣ್ಣಿಗೆ ಹೊಂದುವ ತಳಿ. ಹೆಕ್ಟೇರಿಗೆ ವರ್ಷಕ್ಕೆ 80–100 ಕಿಲೋ ಎಣ್ಣೆ ಎಂಬುದು ಅದರ ಬಗ್ಗೆ ಪ್ರಕಟವಾದ ಅಂಕಿ. ಕೃಷ್ಣಾ, ಕಾವೇರಿ ಎರಡೂ ಸಿಮ್ಯಾಪ್ (ಕೇಂದ್ರೀಯ ಔಷಧಿ ಮತ್ತು ಸುಗಂಧ ಸಸ್ಯ ಸಂಸ್ಥೆ) ತಳಿಗಳು. ಇವುಗಳಲ್ಲಿ ಕಾವೇರಿಯನ್ನು ಬೆಳೆಸಿದ್ದೇ ತೇವ ಹೆಚ್ಚಿರುವ ನದೀಬಯಲಿಗೆ. ನೀರಾವರಿ ಇಲ್ಲದ ನಿಮ್ಮ ಗುಡ್ಡದಲ್ಲಿ ಅದು ಮಳೆಗಾಲದಲ್ಲಿ ಚೆನ್ನಾಗಿ ಕಂಡು ಮಾಘ, ಫಾಲ್ಗುಣದಲ್ಲಿ ಸೊರಗುತ್ತದೆ. ಒಂದೇ ಕೊಯ್ಲು ನೋಡಿ ಅದನ್ನು ಆರಿಸಬೇಡಿ, ತಳ್ಳಿಹಾಕಲೂ ಬೇಡಿ. ಹಳ್ಳದ ಪಕ್ಕದ ಪಟ್ಟಿಗೆ ಅದೇ ಸರಿಯಾದ ತಳಿ ಆಗಬಹುದು. ಸಿಮ್ಯಾಪ್‌ನ ಪ್ರಗತಿ ಉತ್ತರದ ಬಯಲು, ತರಾಯಿ ಪ್ರದೇಶಕ್ಕೆಂದು ಆರಿಸಿದ ತಳಿ, ಪ್ರಮಾಣ್ ಪೆಂಡ್ಯುಲಸ್ ಜಾತಿಯದು. ಮಾರುವವರು ಹೊಸ ತಳಿ ಎಂದು ಇವನ್ನು ಮುಂದಿಟ್ಟರೆ ಮೊದಲು 40 ಬುಡ ನೆಟ್ಟು ನೋಡಿ. ಜಿಆರ್‌ಎಲ್-1 ಎಂಬುದೂ ಸಿಗುತ್ತದೆ, ಅದು ಜೆರಾನಿಯಾಲ್‌ಗಾಗಿ ಮಾಡಿದ ತಳಿ. ಜೆರಾನಿಯಲ್, ಜೆರಾನಿಯಾಲ್ ಹೆಸರುಗಳು ಹತ್ತಿರವಾದರೂ ವಸ್ತು ಬೇರೆ. ಸಿಟ್ರಲ್ ಕೊಳ್ಳುವವರಿಗೆ ಅದು ಬೇಡ.

ಒಂದು ಮುಖ್ಯ ಎಚ್ಚರಿಕೆ: ಬೀಜದಿಂದ ಮಾಡಿದ ಸಸಿ ತೆಗೆದುಕೊಳ್ಳಬೇಡಿ. ಫ್ಲೆಕ್ಸುವೋಸಸ್ ಮಳೆ ಮುಗಿದ ಮೇಲೆ ಹೂಬಿಟ್ಟು ಬೀಜ ಕಟ್ಟುತ್ತದೆ, ಆ ಬೀಜದ ಸಸಿ ತಾಯಿಯಂತೆ ಇರುವುದಿಲ್ಲ. ಬಾಯಲ್ಲಿ ಓಡಿ-19, ಮಡಿಯಲ್ಲಿ ಹತ್ತು ತರಹ. ಸಾಲಿನಲ್ಲಿ ನಡೆದು ನೋಡಿದರೆ ತಿಳಿಯುತ್ತದೆ: ಬುಡದ ಕೆಂಪು ಒಂದರಲ್ಲಿ ಗಾಢ, ಪಕ್ಕದ್ದರಲ್ಲಿ ತಿಳಿ, ಇನ್ನೊಂದರಲ್ಲಿ ಬಿಳಿ. ಇಂಥ ಮಡಿಯಿಂದ ತಳಿಯ ಎಣ್ಣೆ ಅಂಶ ಹೇಳುವುದು ಸಾಧ್ಯವಿಲ್ಲ. ಹಿತ್ತಲ ಸಿಟ್ರೇಟಸ್ ಹೂ ಬಿಡುವುದೇ ಅಪರೂಪ, ಅದರಲ್ಲಿ ಈ ತೊಂದರೆ ಇಲ್ಲ.

ಹೊಸನಗರ_ಗುಡ್ಡತೋಟ

ಒಣ ತೂಕದ ಲೆಕ್ಕ ಅರ್ಥವಾಯಿತು, ಮಡಿಗಳನ್ನೂ ಮೂರು ಪಟ್ಟಿಗೆ ಬದಲಾಯಿಸುವೆ. ಓಡಿ-19 ಮತ್ತು ಹಿತ್ತಲ ಹುಲ್ಲಿನ ಮಡಿಗಳು ಒಂದಕ್ಕೊಂದು ಅಂಟಿಕೊಂಡಿದ್ದು ಮಣ್ಣಿನಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಹಸಿ ತೂಕ ಬುಡಕ್ಕೆ ಓಡಿ-19ರಲ್ಲಿ 250 ಗ್ರಾಂ, ಹಿತ್ತಲ ಹುಲ್ಲಿನಲ್ಲಿ 350 ಗ್ರಾಂ. ತೂಕ ಇಷ್ಟು ಜಾಸ್ತಿ ಇರುವಾಗ ಎಣ್ಣೆ ಶೇಕಡಾ ಸ್ವಲ್ಪ ಕಡಿಮೆಯಾದರೂ ಎಕರೆಗೆ ಹಿತ್ತಲ ಹುಲ್ಲೇ ಲಾಭ ಅಲ್ಲವೇ? ಇನ್ನೊಂದು: ಅಡಿಕೆ ಬೇಯಿಸುವ ತಾಮ್ರದ ಹಂಡೆಗೆ ಮುಚ್ಚಳ, ಕೊಳವೆ ಕೂರಿಸಿ ಬಟ್ಟಿ ಇಳಿಸಬಹುದೇ?

ಬಟ್ಟಿಮನೆ_ಸಾಗರ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಎಣ್ಣೆಯ ಶೇಕಡಾ ಒಂದೇ ಹಿಡಿದು ತಳಿ ಆರಿಸಿದರೆ ಕೈ ಸುಡುತ್ತದೆ, ಹುಲ್ಲಿನ ತೂಕ ಒಂದೇ ಹಿಡಿದರೂ ಸುಡುತ್ತದೆ. ನಿಮ್ಮ ಅಂಕಿಯನ್ನೇ ಕೊನೆವರೆಗೆ ಎಳೆಯೋಣ.

60 x 45 ಅಂತರದಲ್ಲಿ ಒಂದು ಬುಡಕ್ಕೆ 0.27 ಚದರ ಮೀಟರ್. ಎಕರೆ 4,047 ಚದರ ಮೀಟರ್, ಅಂದರೆ ಸುಮಾರು 15,000 ಬುಡ. ಇಳಿಜಾರಿನ ಬಸಿಗಾಲುವೆಗೆ ಒಂದಿಷ್ಟು ಕಳೆಯುತ್ತದೆ, ಸದ್ಯ ಬಿಡಿ.

ಓಡಿ-19: ಬುಡಕ್ಕೆ 250 ಗ್ರಾಂ, 0.42%, ಅಂದರೆ 1.05 ಮಿ.ಲೀ. ಎಕರೆಗೆ ಒಂದು ಕೊಯ್ಲಿಗೆ 15.75 ಲೀಟರ್.
ಹಿತ್ತಲ ಹುಲ್ಲು: 350 ಗ್ರಾಂ, 0.34%, ಅಂದರೆ 1.19 ಮಿ.ಲೀ. ಎಕರೆಗೆ 17.85 ಲೀಟರ್.

ಎಣ್ಣೆ ಮಾರುವುದು ತೂಕಕ್ಕೆ, ಲೀಟರಿಗಲ್ಲ. ಒಂದು ಲೀಟರ್ ಮಜ್ಜಿಗೆ ಹುಲ್ಲಿನ ಎಣ್ಣೆ ಸುಮಾರು 890 ಗ್ರಾಂ ತೂಗುತ್ತದೆ. ಹಾಗಾಗಿ ಓಡಿ-19ಕ್ಕೆ 14 ಕಿಲೋ, ಹಿತ್ತಲ ಹುಲ್ಲಿಗೆ 15.9 ಕಿಲೋ. ಇಲ್ಲಿಗೆ ನಿಲ್ಲಿಸಿದರೆ ಹಿತ್ತಲ ಹುಲ್ಲು ಗೆದ್ದಂತೆ ಕಾಣುತ್ತದೆ.

ಈಗ ಸಿಟ್ರಲ್ ನೋಡಿ. 14 ಕಿಲೋಗೆ 82% ಹಿಡಿದರೆ 11.5 ಕಿಲೋ ಸಿಟ್ರಲ್. 15.9 ಕಿಲೋಗೆ 72% ಹಿಡಿದರೆ 11.4 ಕಿಲೋ. ಎರಡೂ ಒಂದೇ ಆಯಿತು! ಆದರೆ ಅದಕ್ಕಾಗಿ ಹೊರಬೇಕಾದ ಹುಲ್ಲು ಒಂದೇ ಅಲ್ಲ: ಅಲ್ಲಿ 3,750 ಕಿಲೋ, ಇಲ್ಲಿ 5,250 ಕಿಲೋ. 500 ಕಿಲೋ ಹಿಡಿಯುವ ಹಂಡೆ ಎಂದರೆ ಒಂದಕ್ಕೆ 8 ಸಲ ಒಲೆ ಹಚ್ಚಬೇಕು, ಇನ್ನೊಂದಕ್ಕೆ 11 ಸಲ. ಮೂರು ಒಲೆಯ ಸೌದೆ, ಕೊಯ್ಯುವ ಹೊರುವ ಆಳು, ಹೆಚ್ಚುವರಿ ಒಂದು ದಿನ, ಎಲ್ಲ ಕೈಯಿಂದಲೇ ಹೋಗುತ್ತದೆ. ಹೊಸನಗರ, ಸಾಗರದ ಕಡೆ ಈ ಕೊಯ್ಲು ಅಡಿಕೆ ಕೊನೆಕೊಯ್ಲಿನ ಸಮಯಕ್ಕೇ ಬರುತ್ತದೆ, ಆಗ ಆಳು ಸಿಗುವುದು ಎಷ್ಟು ಕಷ್ಟ ಎಂದು ನಿಮಗೆ ಹೇಳಬೇಕಿಲ್ಲ.

ಮೇಲಾಗಿ ಹಿತ್ತಲ ಹುಲ್ಲಿನ ಎಣ್ಣೆಯ ಆ ಮಿರ್ಸೀನ್ ಇಟ್ಟಷ್ಟೂ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಪರೀಕ್ಷೆ ಸುಲಭ: 1 ಮಿ.ಲೀ. ಎಣ್ಣೆಗೆ 70% ಆಲ್ಕೋಹಾಲ್ 3 ಮಿ.ಲೀ. ಹಾಕಿ ಅಲುಗಿಸಿ. ಫ್ಲೆಕ್ಸುವೋಸಸ್‌ನ ತಾಜಾ ಎಣ್ಣೆ ತಿಳಿಯಾಗಿ ಕರಗುತ್ತದೆ. ಸಿಟ್ರೇಟಸ್ ಎಣ್ಣೆ ಮಸುಕಾಗುತ್ತದೆ, ತಿಂಗಳುಗಟ್ಟಲೆ ಇಟ್ಟದ್ದಾದರೆ ಇನ್ನೂ ಹೆಚ್ಚು. ಕೊಳ್ಳುವವರು ಮೊದಲು ಮಾಡುವ ಪರೀಕ್ಷೆಗಳಲ್ಲಿ ಇದೂ ಒಂದು. ಕಷಾಯಕ್ಕೆ ಹಿತ್ತಲ ಹುಲ್ಲಿನಷ್ಟು ಒಳ್ಳೆಯದು ಬೇರೆ ಇಲ್ಲ. ಎಣ್ಣೆಗೆ ಬೇಡ.

ಅಡಿಕೆ ಹಂಡೆ ಬೇಡವೇ ಬೇಡ. ವರ್ಷಗಳಿಂದ ಚೊಗರು ಕುಡಿದ ಹಂಡೆ ಅದು, ಎಷ್ಟು ಉಜ್ಜಿದರೂ ಒಳಗೆ ಕಂದು ಪದರ ಉಳಿಯುತ್ತದೆ, ವಾಸನೆ ಎಣ್ಣೆಗೆ ಹತ್ತುತ್ತದೆ. ತಾಮ್ರ, ಕಬ್ಬಿಣ ಎರಡೂ ಸಿಟ್ರಲ್ಲಿಗೆ ಶತ್ರು: ಲೋಹದ ಅಂಶ ಸೇರಿದ ಎಣ್ಣೆ ಬಣ್ಣ ಕೆಡುತ್ತದೆ, ಗಾಳಿಗೆ ಬೇಗ ಹಳಸುತ್ತದೆ. ಹಂಡೆ ಮೈಲ್ಡ್ ಸ್ಟೀಲಿನದ್ದಾದರೂ ಮುಚ್ಚಳ, ಕೊಳವೆ, ಕಂಡೆನ್ಸರ್, ಎಣ್ಣೆ ಬೇರ್ಪಡಿಸುವ ಪಾತ್ರೆ ಸ್ಟೇನ್‌ಲೆಸ್ ಸ್ಟೀಲೇ ಇರಲಿ. ಆವಿ ತಣ್ಣಗಾಗಿ ಹನಿಯಾದ ಮೇಲೆ ಅದು ಮುಟ್ಟುವ ಜಾಗದಲ್ಲಿ ತುಕ್ಕು ಇರಬಾರದು. ಹಂಡೆಯ ತಳದಲ್ಲಿ ನೀರು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಹುಲ್ಲು. ಹುಲ್ಲು ನೀರಿಗೆ ಮುಟ್ಟಿದರೆ ತಳ ಹಿಡಿದು ಸುಟ್ಟ ವಾಸನೆ ಬರುತ್ತದೆ.

ಕೊಯ್ದ ಹುಲ್ಲನ್ನು ಒಂದು ದಿನ ನೆರಳಲ್ಲಿ ಹರವಿ ಬಾಡಿಸಿಯೇ ತುಂಬಿ. ಒಂದೇ ಹಂಡೆಗೆ ಹೆಚ್ಚು ಹಿಡಿಯುತ್ತದೆ, ಸೌದೆ ಉಳಿಯುತ್ತದೆ. ರಾಶಿ ಹಾಕಿದರೆ ಒಳಗೆ ಕಾವು ಏರಿ ಹುದುಗು ಹಿಡಿಯುತ್ತದೆ, ರಾಶಿಯೊಳಗೆ ಕೈ ತೂರಿಸಿದಾಗ ಬೆಚ್ಚಗಿದ್ದರೆ ತಡವಾಯಿತೆಂದೇ ಲೆಕ್ಕ. ತುಂಬುವಾಗ ಪದರ ಪದರವಾಗಿ ಅಂಚಿನ ಸುತ್ತ ಚೆನ್ನಾಗಿ ತುಳಿಯಿರಿ. ಅಂಚು ಸಡಿಲ ಬಿಟ್ಟರೆ ಆವಿ ಅಲ್ಲೇ ದಾರಿ ಮಾಡಿಕೊಂಡು ಮೇಲೇಳುತ್ತದೆ, ನಡುವಿನ ಹುಲ್ಲು ಹಾಗೇ ಉಳಿಯುತ್ತದೆ. ಖಾಲಿ ಮಾಡುವಾಗ ನೋಡಿ: ಒಂದು ಕಡೆ ಹಳದಿಗಂದು, ಇನ್ನೊಂದು ಕಡೆ ಹಸಿರು, ಹಸಿರನ್ನು ಉಜ್ಜಿದರೆ ನಿಂಬೆ ವಾಸನೆ ಬಂದರೆ ಅಷ್ಟು ಎಣ್ಣೆ ಒಲೆಪಾಲು.

ಕಂಡೆನ್ಸರಿನಿಂದ ಬರುವ ನೀರು ಕೈಗೆ ಉಗುರುಬೆಚ್ಚಗಿಂತ ಬಿಸಿ ಇರಬಾರದು, ಬಿಸಿಯಾದರೆ ಎಣ್ಣೆ ಹಬೆಯಾಗಿ ಹೊರಗೆ ಹೋಗುತ್ತದೆ, ಪೂರ್ತಿ ಬೇರ್ಪಡುವುದೂ ಇಲ್ಲ. ಎರಡೂವರೆ, ಮೂರು ಗಂಟೆಯ ಮೇಲೆ ಗಾಜಿನ ಲೋಟದಲ್ಲಿ ಹಿಡಿದಾಗ ನೀರಿನ ಮೇಲೆ ತೆಳು ಪೊರೆ ಮಾತ್ರ ಕಂಡರೆ ಬೆಂಕಿ ತೆಗೆಯಿರಿ. ಬಟ್ಟಿ ಮುಗಿದ ಹುಲ್ಲನ್ನು ಒಣಗಿಸಿದರೆ ಮುಂದಿನ ಒಲೆಗೆ ಅದೇ ಸೌದೆ.

ತಳಿಗಳನ್ನು ಹೋಲಿಸುವಾಗ ದೊಡ್ಡ ಹಂಡೆಯಲ್ಲಿ ಬಂದ ಎಣ್ಣೆಯನ್ನು ಕ್ಲೆವೆಂಜರ್ ಅಂಕಿಯ ಪಕ್ಕ ಇಡಬೇಡಿ. ಹಂಡೆಯಲ್ಲಿ ಯಾವಾಗಲೂ ಕಡಿಮೆಯೇ ಬರುತ್ತದೆ.

ತೈಲಮಾಪನ

ಒಂದು ತಿದ್ದುಪಡಿ. ಬಟ್ಟಿ ಇಳಿಸಲು ಬಾಡಿಸುವುದು ಸರಿ, ಹೋಲಿಕೆಯ ಮಾದರಿಗೆ ಬಾಡಿಸಬೇಡಿ. ಎಲೆ ದಪ್ಪದ ತಳಿ ನಿಧಾನ ಬಾಡುತ್ತದೆ, ತೆಳು ಎಲೆಯದು ಬೇಗ. ಒಂದೇ ಕೊಟ್ಟಿಗೆಯಲ್ಲಿ ಒಂದೇ ರಾತ್ರಿ ಇಟ್ಟರೂ ಬೆಳಗ್ಗೆ ತೇವಾಂಶ ಬೇರೆಬೇರೆ ಇರುತ್ತದೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ನಾಲ್ಕು ತಳಿಯನ್ನೂ ಅದೇ ದಿನ, ಹಸಿಯಾಗಿಯೇ ಕೊಯ್ದು ತೂಗಿ. 12 ಮಾದರಿ ಒಂದೇ ದಿನ ಕುದಿಸಲು ಆಗದಿದ್ದರೆ ಒಂದು ಪಟ್ಟಿಯ ನಾಲ್ಕನ್ನು ಒಂದು ದಿನ, ಮುಂದಿನ ಪಟ್ಟಿಯದನ್ನು ಮರುದಿನ ಕೊಯ್ದು ಮಾಡಿ. ಆಗ ದಿನದ ವ್ಯತ್ಯಾಸ ನಾಲ್ಕು ತಳಿಗೂ ಸಮನಾಗಿ ಬೀಳುತ್ತದೆ.

ಪ್ರತಿ ಸಲ ಜಿ.ಸಿ.ಗೆ ಕಳಿಸುವುದು ದುಬಾರಿ. ಸಿಟ್ರಲ್ಲಿನ ಅಂದಾಜಿಗೆ ಬೈಸಲ್ಫೈಟ್ ವಿಧಾನ ಹಳೆಯದಾದರೂ ನಂಬಬಹುದಾದದ್ದು. ಉದ್ದ ಕುತ್ತಿಗೆಯ ಕ್ಯಾಸಿಯಾ ಫ್ಲಾಸ್ಕಿಗೆ ನಿಖರವಾಗಿ 10 ಮಿ.ಲೀ. ಎಣ್ಣೆ, ಆಗಷ್ಟೇ ಮಾಡಿದ 30% ಸೋಡಿಯಂ ಬೈಸಲ್ಫೈಟ್ ದ್ರಾವಣ ಸುಮಾರು 50 ಮಿ.ಲೀ. ಹಾಕಿ ಅಲುಗಿಸಿ. ಮೊದಲು ಮೊಸರಿನಂತೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಕುದಿನೀರಿನ ಪಾತ್ರೆಯಲ್ಲಿಟ್ಟು ಮಧ್ಯೆ ಮಧ್ಯೆ ಅಲುಗಿಸುತ್ತಾ ಹೋದರೆ ಆ ಗಟ್ಟಿ ಪೂರ್ತಿ ಕರಗುತ್ತದೆ. ಆಮೇಲೆ ಇನ್ನಷ್ಟು ದ್ರಾವಣ ಸುರಿದು ಉಳಿದ ಎಣ್ಣೆಯನ್ನು ಕುತ್ತಿಗೆಗೆ ಏರಿಸಿ, ತಣ್ಣಗಾದ ಮೇಲೆ ಓದಿ. 1.8 ಮಿ.ಲೀ. ಉಳಿದರೆ 82% ಕರಗಿತು ಎಂದರ್ಥ. ಗಟ್ಟಿಯ ಚೂರು ಕುತ್ತಿಗೆಯಲ್ಲಿ ಉಳಿದಿದ್ದರೆ ಓದು ತಪ್ಪು, ಮತ್ತೆ ಬಿಸಿ ಮಾಡಿ. ತುಕ್ಕಿನಿಂದ ಕೆಂಪಾದ ಎಣ್ಣೆಯನ್ನು ಮೊದಲು ಒಂದು ಚಿಟಿಕೆ ಟಾರ್ಟಾರಿಕ್ ಆಮ್ಲದ ಪುಡಿ ಹಾಕಿ ಅಲುಗಿಸಿ ಸೋಸಿಕೊಳ್ಳಿ. ಈ ವಿಧಾನ ಸಿಟ್ರಲ್ ಅಷ್ಟೇ ಅಲ್ಲ, ಅದರ ಗುಂಪಿನ ಎಲ್ಲ ಆಲ್ಡಿಹೈಡುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಆದ್ದರಿಂದ ಜಿ.ಸಿ.ಗಿಂತ ಒಂದೆರಡು ಅಂಕ ಮೇಲೆ ಬರಬಹುದು. ತಳಿಗಳ ನಡುವಿನ ಹೋಲಿಕೆಗೆ ಅಡ್ಡಿ ಇಲ್ಲ, ಒಂದು ತಳಿಗೆ ಜಿ.ಸಿ., ಇನ್ನೊಂದಕ್ಕೆ ಬೈಸಲ್ಫೈಟ್ ಎಂದು ಬೆರೆಸಬೇಡಿ ಅಷ್ಟೆ.

ಇಳಿಜಾರು_ಮಂಡಗದ್ದೆ

ಕೊಯ್ಲಿನ ವಯಸ್ಸಿನ ಬಗ್ಗೆ ಯಾರೂ ಹೇಳಲಿಲ್ಲ. ಎಳೆಯ, ಇನ್ನೂ ಬಿಚ್ಚಿಕೊಳ್ಳುತ್ತಿರುವ ಎಲೆಯಲ್ಲಿ ಎಣ್ಣೆ ಹೆಚ್ಚು, ಮಾಗಿದಂತೆ ಇಳಿಯುತ್ತದೆ. ನೆಟ್ಟ ಸುಮಾರು 90 ದಿನಕ್ಕೆ ಮೊದಲ ಕೊಯ್ಲು ಬರುತ್ತದೆ. ನೀವು ಮೃಗಶಿರಾಕ್ಕೆ ನೆಟ್ಟು ಚಿತ್ತಾದಲ್ಲಿ ಕೊಯ್ದಿದ್ದು ನಾಲ್ಕು ತಿಂಗಳು ದಾಟಿ, ಅಷ್ಟರಲ್ಲಿ ಬುಡದ ಎಲೆ ಒಣಗಿ ತೂಕಕ್ಕೆ ಸೇರಿರುತ್ತದೆ. ಹಾಗೆಂದು ಮಳೆ ಹೊಯ್ಯುವಾಗ ಕೊಯ್ಯಿರಿ ಎನ್ನುವುದಿಲ್ಲ. ಎಣ್ಣೆ ಇರುವುದು ಎಲೆಯೊಳಗಿನ ಕೋಶದಲ್ಲಿ, ಮಳೆಗೆ ತೊಳೆದುಹೋಗುವುದಿಲ್ಲ. ಆದರೆ ಮೋಡ ಕವಿದ ವಾರಗಳಲ್ಲಿ ಹುಲ್ಲು ನೀರುಂಡು ಬೆಳೆಯುವುದರಿಂದ ಶೇಕಡಾ ತಗ್ಗುತ್ತದೆ, ಕೊಯ್ದದ್ದನ್ನು ಒಣಗಿಸಲು ಜಾಗವೂ ಇರುವುದಿಲ್ಲ. ಮಘೆ ಕಳೆದು ಎರಡು ಮೂರು ದಿನ ಬಿಸಿಲು ಬಿದ್ದ ಮೇಲೆ ಒಂದು, ಅಲ್ಲಿಂದ 60–75 ದಿನಕ್ಕೆ ಇನ್ನೊಂದು, ತೇವ ಉಳಿದರೆ ಮೂರನೆಯದು.

ಬೇಸಿಗೆಯ ಕೊಯ್ಲಿನಲ್ಲಿ ಶೇಕಡಾ ಏರಿ ತೂಕ ಇಳಿಯುತ್ತದೆ, ಮಳೆಗಾಲದ್ದು ಇದಕ್ಕೆ ವಿರುದ್ಧ. ಹಾಗಾಗಿ ಒಂದು ವರ್ಷದ ಎಲ್ಲ ಕೊಯ್ಲಿನ ಎಣ್ಣೆಯನ್ನೂ ಮಡಿವಾರು ಕೂಡಿಸಿ, ಆಮೇಲೆ ತಳಿಗಳನ್ನು ಪಕ್ಕಪಕ್ಕ ಇಡಿ. ಎಲೆಯ ಮೇಲೆ ಕಂದು ಚುಕ್ಕೆ ಕೂಡಿಕೊಂಡು ತುದಿಯಿಂದ ಒಣಗುವ ರೋಗ ಶ್ರಾವಣದಲ್ಲಿ ಬರುತ್ತದೆ, ಯಾವ ತಳಿಗೆ ಎಷ್ಟು ಎಂದೂ ಬರೆದುಕೊಳ್ಳಿ. ಸತ್ತ ಎಲೆಯಲ್ಲಿ ತೂಕ ಇರುತ್ತದೆ, ಎಣ್ಣೆ ಇರುವುದಿಲ್ಲ.

ಹೊಸನಗರ_ಗುಡ್ಡತೋಟ

12 ಮಡಿಗೆ ಗೂಟ ಹಾಕುವುದು ಈ ವಾರವೇ. ಹಿತ್ತಲ ಹುಲ್ಲಿನ ಮಡಿಯನ್ನು ಹೋಲಿಕೆಗೆ ಮಾತ್ರ ಉಳಿಸಿಕೊಳ್ಳುತ್ತೇನೆ. ಪರೀಕ್ಷೆಗೆ ತೆಗೆದ ಎಣ್ಣೆಯನ್ನು ಬೈಸಲ್ಫೈಟ್ ಮಾಡುವ ತನಕ ಹೇಗೆ ಇಡಬೇಕು? ಪ್ಲಾಸ್ಟಿಕ್ ಬಾಟಲಿ ಆಗುತ್ತದೆಯೇ?

ಬಟ್ಟಿಮನೆ_ಸಾಗರ

ಪ್ಲಾಸ್ಟಿಕ್ ಬೇಡ, ಎಣ್ಣೆ ಅದನ್ನು ತಿನ್ನುತ್ತದೆ. ಕಂದು ಗಾಜಿನ ಸಣ್ಣ ಶೀಷೆ ತಗೊಳ್ಳಿ. ಎಣ್ಣೆಯನ್ನು ನೀರಿನಿಂದ ಬೇರ್ಪಡಿಸಿ, ನೀರಿನಂಶವಿಲ್ಲದ ಸೋಡಿಯಂ ಸಲ್ಫೇಟ್ ಪುಡಿ ಹಾಕಿ ಅಲುಗಿಸಿ. ಪುಡಿ ಮುದ್ದೆಯಾದರೆ ಇನ್ನೂ ನೀರಿದೆ, ಮತ್ತಷ್ಟು ಹಾಕಿ; ಸಡಿಲವಾಗಿ ಓಡಾಡುವಂತಾದರೆ ಸಾಕು, ಸೋಸಿ. ನೀರು ಉಳಿದ ಎಣ್ಣೆ ಮಸುಕಾಗಿ ತಳ ಕಟ್ಟುತ್ತದೆ. ಶೀಷೆಯನ್ನು ಕುತ್ತಿಗೆವರೆಗೆ ತುಂಬಿ, ಅರ್ಧ ಖಾಲಿ ಬಿಟ್ಟರೆ ಒಳಗಿನ ಗಾಳಿಗೇ ಸಿಟ್ರಲ್ ಕೆಡುತ್ತದೆ. ಎಣ್ಣೆ ಕಡಿಮೆ ಇದ್ದರೆ ಶೀಷೆಯನ್ನೇ ಚಿಕ್ಕದು ಮಾಡಿ. ಒಂದು ಕ್ಲೆವೆಂಜರಿನಲ್ಲಿ ಒಂದು ಮಿ.ಲೀ. ಕೂಡ ಸಿಗುವುದಿಲ್ಲ, ಬೈಸಲ್ಫೈಟಿಗೆ 10 ಮಿ.ಲೀ. ಬೇಕು. ಆದ್ದರಿಂದ ಪ್ರತಿ ಮಡಿಯ ಉಳಿದ ಹುಲ್ಲನ್ನು, ನಾಲ್ಕೈದು ಕಿಲೋ ಆದರೂ, ಸಣ್ಣ ಸ್ಟೀಲ್ ಬಟ್ಟಿಯಲ್ಲಿ ಬೇರೆಯಾಗಿ ಇಳಿಸಿ. ಶೀಷೆಯ ಮೇಲೆ ತಳಿ, ಪಟ್ಟಿ, ಕೊಯ್ದ ದಿನ, ತೇವಾಂಶ ನಾಲ್ಕನ್ನೂ ಪೆನ್ಸಿಲ್ಲಿನಲ್ಲಿ ಬರೆದು ಅಂಟಿಸಿ. ಶಾಯಿಯಲ್ಲಿ ಬರೆದರೆ ಎಣ್ಣೆ ಸೋಕಿದ ತಕ್ಷಣ ಅಕ್ಷರ ಹರಡಿಹೋಗುತ್ತದೆ.